1-2-ಸ್ವಿಚ್‌ಗೆ ಅಷ್ಟು ದುಡ್ಡು ಕೊಡಬಹುದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಕೈ ಬೀಸಿ, ಮೈ ಅಲ್ಲಾಡಿಸಿ ಆಡುವ ಪಾರ್ಟಿ ಗೇಮ್‌ಗಳಿಗೆ ಕೊಟ್ಟ ದುಡ್ಡು ವಸೂಲಾಗುತ್ತದಾ ಅಂತ. ರಜೆ ಹತ್ತಿರ ಬಂದಾಗ ಈ ಪ್ರಶ್ನೆ ಬರುವುದು ಸಹಜ. ಹಾಗಾಗಿ ಈ ತಿಂಗಳ ಪುಟಗಳನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಭಾವ ಅಮೆರಿಕದಿಂದ ಬರುವಾಗ ನಿಂಟೆಂಡೊ ಸ್ವಿಚ್ ಅನ್ನುವ ವೀಡಿಯೊ ಗೇಮ್ ಕನ್ಸೋಲ್ ತಂದುಕೊಟ್ಟರು. ಮನೆಯಲ್ಲಿ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು. ಎಲ್ಲರೂ ಸೇರಿ ಆಡುವಂಥದ್ದು ಏನಾದರೂ ಬೇಕು. ಅಂಗಡಿಯವರು 1-2-ಸ್ವಿಚ್ ತೋರಿಸಿದರು. 28 ಆಟಗಳಿವೆಯಂತೆ. ಹೊಸದಕ್ಕೆ ನಾಲ್ಕು ಸಾವಿರಕ್ಕಿಂತ ಜಾಸ್ತಿ ಹೇಳುತ್ತಾರೆ, ಸೆಕೆಂಡ್ ಹ್ಯಾಂಡ್ ಅದರ ಅರ್ಧಕ್ಕೆ ಸಿಗುತ್ತದೆ. ಆದರೆ ಗೊತ್ತಿದ್ದವರು "ಒಂದು ಸಂಜೆಗೆ ಮುಗಿದುಹೋಗುತ್ತೆ, ಸುಮ್ನೆ ದಂಡ" ಅಂತಾರೆ. ಏನು ಮಾಡಲಿ?
– ಮೈಸೂರಿನಿಂದ ಒಬ್ಬ ಓದುಗರು

ಉತ್ತರ: ಹೊಸದಕ್ಕೆ ಪೂರ್ತಿ ಬೆಲೆ ಕೊಡಬೇಡಿ. ಅರ್ಧಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್ (ಆಟ ತುಂಬಿದ ಪುಟ್ಟ ಕಾರ್ಡ್) ಇದೆಯಲ್ಲ, ಅದನ್ನು ನಿಮ್ಮಂಥ ಆರು ಜನರ ಮನೆಗೆ ಧೈರ್ಯವಾಗಿ ತಗೊಳ್ಳಿ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಈ ಆಟವನ್ನು ಬೈಯುವವರೂ ಹೊಗಳುವವರೂ ಇಬ್ಬರೂ ಅರ್ಧ ಮಾತ್ರ ಹೇಳುತ್ತಾರೆ.

1-2-ಸ್ವಿಚ್ ಬಂದದ್ದು 2017ರ ಮಾರ್ಚ್ 3ರಂದು. ಸ್ವಿಚ್ ಕನ್ಸೋಲ್ ಬಿಡುಗಡೆಯಾದ ದಿನವೇ. ಆಗ ಕನ್ಸೋಲಿಗೆ 299.99 ಡಾಲರ್, ಇದಕ್ಕೆ ಬೇರೆಯಾಗಿ 49.99 ಡಾಲರ್. ಸ್ವಿಚ್ ಜೊತೆ ಬರುವ ಎರಡು ಪುಟ್ಟ ಕಂಟ್ರೋಲರ್‌ಗಳು, ಅಂದರೆ ಜಾಯ್‌ಕಾನ್‌ಗಳು, ಏನೇನು ಮಾಡಬಲ್ಲವು ಅಂತ ತೋರಿಸುವುದೇ ಇದರ ಕೆಲಸ. ಒಳಗೆ ಕೈಯ ಚಲನೆ, ಓರೆ, ತಿರುವು ಗುರುತಿಸುವ ಸೆನ್ಸರ್‌ಗಳಿವೆ. ಬಹಳ ಸೂಕ್ಷ್ಮವಾಗಿ ನಡುಗುವ ಮೋಟಾರ್ ಇದೆ. ಬಲಗಡೆಯ ಜಾಯ್‌ಕಾನ್‌ನ ತುದಿಯಲ್ಲಿ ಒಂದು ಇನ್‌ಫ್ರಾರೆಡ್ ಕ್ಯಾಮೆರಾ ಕೂಡ ಇದೆ, ಅದನ್ನು ಇಟ್ಟುಕೊಂಡೂ ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿರುವುದಿಲ್ಲ.

ಇದರ ನಿಜವಾದ ಜಾಣತನ ಏನು ಗೊತ್ತಾ? ಟಿವಿ ನೋಡಬೇಡಿ, ಎದುರಿಗಿರುವವರ ಕಣ್ಣು ನೋಡಿ ಅನ್ನುತ್ತದೆ. ಕ್ವಿಕ್ ಡ್ರಾ ಅನ್ನುವ ಆಟದಲ್ಲಿ ಇಬ್ಬರು ಎದುರುಬದುರು ನಿಲ್ಲುತ್ತಾರೆ, ಜಾಯ್‌ಕಾನ್ ಸೊಂಟದ ಹತ್ತಿರ ಕೆಳಗೆ ಹಿಡಿದಿರುತ್ತಾರೆ. "ಫೈರ್" ಅಂತ ಕೂಗಿದ ತಕ್ಷಣ ಎತ್ತಿ ಹೊಡೆಯಬೇಕು. ಯಾರು ಮೊದಲು ಹೊಡೆದರು, ಎಷ್ಟು ಹೊತ್ತು ಹಿಡಿಯಿತು, ಕೈ ಎಷ್ಟು ಓರೆ ಇತ್ತು ಅಂತ ಎಲ್ಲ ತೋರಿಸುತ್ತದೆ. ಆ ಕ್ಷಣದಲ್ಲಿ ನಿಮ್ಮ ಅಪ್ಪನೂ ನಿಮ್ಮ ಚಿಕ್ಕ ಮಗನೂ ಸರಿಸಮ. ಯಾವ ಬಟನ್ ಎಲ್ಲಿದೆ, ಲೆವೆಲ್ ಎಷ್ಟು, ಮೊದಲು ಆಡಿದ್ದೀರಾ, ಏನೂ ಲೆಕ್ಕಕ್ಕೆ ಬರುವುದಿಲ್ಲ. ವೀಡಿಯೊ ಗೇಮ್ ಅಂದರೆ ಮಕ್ಕಳದ್ದು ಅಂತ ದೂರ ಕೂತವರನ್ನು ಎಬ್ಬಿಸಿ ನಿಲ್ಲಿಸುವ ಆಟ ಇದರಷ್ಟು ಸಲೀಸಾದದ್ದು ನಾನು ಕಂಡಿಲ್ಲ.

ಹಾಲು ಕರೆಯುವ ಆಟದ ಬಗ್ಗೆ ನೀವು ಕೇಳಿರಬಹುದು. ಅದರ ಹೆಸರೇ ಮಿಲ್ಕ್. ಜಾಯ್‌ಕಾನನ್ನು ನೆಟ್ಟಗೆ ಹಿಡಿದು, ಬಟನ್ ಒತ್ತುತ್ತಾ ಕೆಳಗೆ ಎಳೆಯಬೇಕು, ಲಯ ತಪ್ಪಿದರೆ ಹಾಲು ಬರುವುದಿಲ್ಲ. ವಿದೇಶದಲ್ಲಿ ಇದನ್ನು ಬರೀ ವಿಚಿತ್ರ ಅಂತ ನೋಡಿದರು. ಆದರೆ ಹಸು ಕರೆದು ಗೊತ್ತಿರುವ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಇದ್ದಾರೆ. ಅಂಥ ಅಜ್ಜಿಯೊಬ್ಬರಿಗೆ ಅದನ್ನು ಕೊಟ್ಟು ನೋಡಿ. "ಹೀಗಲ್ಲ ಕಣೋ" ಅಂತ ಮೊಮ್ಮಗನಿಗೆ ಬೆರಳು ಹಿಡಿದು ಹೇಳಿಕೊಡುತ್ತಾರೆ. ಆ ಹತ್ತು ನಿಮಿಷಕ್ಕೆ ಬೆಲೆ ಕಟ್ಟುವುದು ಕಷ್ಟ, ಮನಸಾರೆ ಹೇಳುತ್ತಿದ್ದೇನೆ.

ನನಗೆ ಅತಿ ಇಷ್ಟವಾದದ್ದು ಬಾಲ್ ಕೌಂಟ್. ಜಾಯ್‌ಕಾನನ್ನು ಅಂಗೈ ಮೇಲೆ ಮಟ್ಟವಾಗಿ ಇಟ್ಟುಕೊಂಡು ನಿಧಾನಕ್ಕೆ ಓಲಾಡಿಸಿದರೆ ಒಳಗೆ ಗೋಲಿಗಳು ಉರುಳಿ ಗೋಡೆಗೆ ಬಡಿದ ಹಾಗೆ ಕೈಗೆ ಗೊತ್ತಾಗುತ್ತದೆ. ಒಳಗೆ ಗೋಲಿ ಇಲ್ಲ, ಬರೀ ಮೋಟಾರಿನ ನಡುಕ. ಆದರೂ ಎಷ್ಟು ಇವೆ ಅಂತ ಎಣಿಸಬಹುದು. ಬೀಗ ತೆರೆಯುವ ಸೇಫ್ ಕ್ರ್ಯಾಕ್ ಕೂಡ ಇದೇ ಜಾತಿಯದ್ದು, ತಿರುಗಿಸುತ್ತಾ ಹೋದಾಗ ಒಂದು ಕಡೆ ಬೆರಳಿಗೆ ಬೇರೆ ಥರ ತಾಗುತ್ತದೆ, ಅಲ್ಲೇ ನಿಲ್ಲಿಸಬೇಕು. ಇವೆರಡನ್ನು ಕೂತುಕೊಂಡೇ ಆಡಬಹುದು, ಮಂಡಿ ನೋವಿರುವವರಿಗೆ ತುಂಬ ಒಳ್ಳೆಯದು. ಮಗು ಮಲಗಿಸುವ ಆಟವೂ ಒಂದಿದೆ, ಇಡೀ ಕನ್ಸೋಲನ್ನೇ ಕೈಯಲ್ಲಿ ಎತ್ತಿಕೊಂಡು ತೂಗಿ, ಅಳು ನಿಂತ ಮೇಲೆ ಮೆಲ್ಲಗೆ ಕೆಳಗಿಡಬೇಕು.

ಈಗ ಇನ್ನೊಂದು ಅರ್ಧ. 28ರಲ್ಲಿ ಮತ್ತೆ ಮತ್ತೆ ಆಡಬೇಕು ಅನ್ನಿಸುವುದು ಏಳೋ ಎಂಟೋ ಮಾತ್ರ. ಉಳಿದವು ಒಂದು ಸಲಕ್ಕೆ ಸರಿ. ಗಡ್ಡ ಬೋಳಿಸುವ ಆಟ, ಗಿಟಾರ್ ಬಾರಿಸಿದ ಹಾಗೆ ಮಾಡುವ ಆಟ, ಇವೆಲ್ಲ ನೋಡಿ ನಕ್ಕರೆ ಮುಗಿಯಿತು. ಒಂದು ಆಟ ಕಷ್ಟವಾಗುತ್ತಾ ಹೋಗುವುದು, ಹೊಸದೇನಾದರೂ ತೆರೆದುಕೊಳ್ಳುವುದು, ಇದು ಬಹಳ ಕಡಿಮೆ. ಒಬ್ಬರೇ ಕೂತು ಆಡೋಣ ಅಂದರೆ ಅದೂ ಇಲ್ಲ, ಹೆಚ್ಚುಕಡಿಮೆ ಎಲ್ಲಕ್ಕೂ ಎದುರಿಗೊಬ್ಬರು ಬೇಕು. ಹಾಗಾಗಿ ನಿಮಗೆ "ಒಂದು ಸಂಜೆಗೆ ಮುಗಿಯುತ್ತೆ" ಅಂದವರು ಸುಳ್ಳು ಹೇಳಿಲ್ಲ, ಮನೆಯಲ್ಲಿ ಇರುವ ಅದೇ ಇಬ್ಬರು ಮತ್ತೆ ಮತ್ತೆ ಆಡಿದರೆ ನಿಜವಾಗಿಯೂ ಮುಗಿಯುತ್ತದೆ.

ಬೇಸರ ಬರುವುದು ಇಲ್ಲಿ ಆಟಕ್ಕಿಂತ ಮೊದಲು ಆಡುವ ಜೋಡಿಗೆ. ಹೊಸಬರು ಬಂದರೆ ಅದೇ ಆಟ ಮತ್ತೆ ಹೊಸದು. ಅತ್ತೆ ಮಾವ ಬಂದರು, ಚಿಕ್ಕಮ್ಮನ ಮಕ್ಕಳು ರಜೆಗೆ ಬಂದರು, ಪಕ್ಕದ ಮನೆಯವರು ಗೊಂಬೆ ನೋಡಲು ಬಂದರು ಅಂದರೆ ಕ್ವಿಕ್ ಡ್ರಾ ಹೊರಗೆ ಬರುತ್ತದೆ. ನಮ್ಮಲ್ಲಿ ಕೇರಂ ಬೋರ್ಡ್ ಹೇಗೆ ಗೋಡೆಗೆ ಒರಗಿ ನಿಂತಿದ್ದು ಜನ ಸೇರಿದಾಗ ಮಾತ್ರ ಕೆಳಗಿಳಿಯುತ್ತದೋ ಇದೂ ಹಾಗೇ. ಅದಕ್ಕೆ "ಎಷ್ಟು ಗಂಟೆ ಆಡಬಹುದು" ಅಂತ ಬೆಲೆಯನ್ನು ಭಾಗಿಸಿ ನೋಡಬೇಡಿ. ವರ್ಷದಲ್ಲಿ ಎಷ್ಟು ಹೊಸ ಮುಖ ನಿಮ್ಮ ಹಾಲ್‌ಗೆ ಬರುತ್ತವೆ ಅಂತ ನೋಡಿ. ಮೈಸೂರಿನ ಮನೆ, ದಸರಾಕ್ಕೆ ನೆಂಟರು ಬಂದೇ ಬರುತ್ತಾರೆ, ಅಲ್ವಾ?

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಈ ಆಟಕ್ಕೆ ಕನ್ಸೋಲ್ ಜೊತೆ ಬಂದ ಎರಡು ಜಾಯ್‌ಕಾನ್ ಸಾಕು. ಎರಡು ತಂಡ ಮಾಡಿಕೊಂಡು, ಕೈಯಿಂದ ಕೈಗೆ ಕೊಡುತ್ತಾ ಮನೆ ತುಂಬ ಜನ ಆಡಬಹುದು, ಅದಕ್ಕೇ ಅಂತ ಟೀಮ್ ಬ್ಯಾಟಲ್ ಇದೆ. ಬೇರೆ ಪಾರ್ಟಿ ಗೇಮ್‌ಗಳಲ್ಲಿ ನಾಲ್ಕು ಜನ ಆಡಬೇಕು ಅಂದರೆ ಇನ್ನೊಂದು ಜೋಡಿ ಜಾಯ್‌ಕಾನ್ ಬೇಕು. ಅದರ ಬೆಲೆ ಬಿಡುಗಡೆಯಾದಾಗಲೇ 79.99 ಡಾಲರ್, ಆಟಕ್ಕಿಂತ ಜಾಸ್ತಿ. ಡಬ್ಬದ ಮೇಲಿನ ಬೆಲೆ ನೋಡಿ ಅಗ್ಗ ಅಂದುಕೊಂಡು ತಂದದ್ದು ಮನೆಗೆ ಬರುವ ಹೊತ್ತಿಗೆ ಹತ್ತು ಸಾವಿರ ದಾಟಿರುತ್ತದೆ.

ಹಾಗಾದರೆ ಪೂರ್ತಿ ಬೆಲೆಗೆ ಯಾಕೆ ಬೇಡ ಅಂತೀನಿ? ಇದು ಕನ್ಸೋಲ್ ಜೊತೆಗೇ ಉಚಿತವಾಗಿ ಬರಬೇಕಾಗಿದ್ದ ಆಟ ಅಂತ ನನ್ನ ಗಟ್ಟಿ ಅಭಿಪ್ರಾಯ. ಇದೇ ನಿಂಟೆಂಡೊ 2006ರಲ್ಲಿ ವೀ ಕನ್ಸೋಲ್ ತಂದಾಗ ವೀ ಸ್ಪೋರ್ಟ್ಸ್ ಅನ್ನು ಜಪಾನ್ ಮತ್ತು ದಕ್ಷಿಣ ಕೊರಿಯಾ ಬಿಟ್ಟು ಉಳಿದ ಕಡೆ ಡಬ್ಬದೊಳಗೇ ಇಟ್ಟು ಕೊಟ್ಟಿತು. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್, ಬರೀ ಐದು ಆಟ. ಡಬ್ಬ ಬಿಚ್ಚಿದ ದಿನವೇ ತಾತ ಅಜ್ಜಿ ಎಲ್ಲ ಬೌಲಿಂಗ್ ಆಡಿದರು, ಎಂಟು ಕೋಟಿಗೂ ಹೆಚ್ಚು ಪ್ರತಿಗಳು ಮನೆಮನೆ ಸೇರಿದವು. ಅಮೆರಿಕದಲ್ಲಿ ನಿಂಟೆಂಡೊ ನಡೆಸುತ್ತಿದ್ದ ರೆಜಿ ಫಿಸ್-ಎಮೆ ಅವರು ಅದನ್ನು ಜೊತೆಗೇ ಕೊಡಬೇಕು ಅಂತ ಜಪಾನಿನ ಹಿರಿಯರ ಹತ್ತಿರ ಪಟ್ಟು ಹಿಡಿದಿದ್ದರು, ಅಲ್ಲಿ ಅದು ಸುಲಭಕ್ಕೆ ಒಪ್ಪಿಗೆಯಾದ ಮಾತಾಗಿರಲಿಲ್ಲ. ಹನ್ನೊಂದು ವರ್ಷದ ನಂತರ ಅದೇ ಕಂಪನಿ, ಅದೇ ಥರದ ಪರಿಚಯದ ಆಟಕ್ಕೆ ಐವತ್ತು ಡಾಲರ್ ಕೇಳಿತು. ಹೊಸ ಕಂಟ್ರೋಲರ್ ಕೊಂಡವರಿಗೆ ಅದು ಏನು ಮಾಡಬಲ್ಲದು ಅಂತ ತೋರಿಸಲು ಮತ್ತೆ ದುಡ್ಡು ಕೇಳುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. 2025ರಲ್ಲಿ ಸ್ವಿಚ್ 2 ಬಂದಾಗಲೂ ಅದರ ಪರಿಚಯ ಮಾಡಿಕೊಡುವ ವೆಲ್ಕಮ್ ಟೂರ್‌ಗೆ 9.99 ಡಾಲರ್ ಇಟ್ಟರು. ಬೆಲೆ ಇಳಿದಿದೆ, ಅಭ್ಯಾಸ ಹಾಗೇ ಇದೆ.

ತಗೊಳ್ಳುವುದಾದರೆ ಕಾರ್ಟ್ರಿಡ್ಜ್ ರೂಪದಲ್ಲೇ ತಗೊಳ್ಳಿ, ಡೌನ್‌ಲೋಡ್ ಬೇಡ. ಬೇಸರ ಬಂದ ಮೇಲೆ ಕಾರ್ಟ್ರಿಡ್ಜನ್ನು ಮಾರಬಹುದು, ಇನ್ನೊಂದು ಆಟಕ್ಕೆ ಬದಲಾಯಿಸಿಕೊಳ್ಳಬಹುದು, ಊರಿಗೆ ಹೋಗುವಾಗ ತಂಗಿ ಮನೆಗೆ ಕೊಟ್ಟು ಬರಬಹುದು. ಸ್ವಿಚ್ ಕಾರ್ಟ್ರಿಡ್ಜ್‌ಗೆ ದೇಶದ ಬೀಗ ಇಲ್ಲ. ಜಪಾನಿನದೋ ಯುರೋಪಿನದೋ ಆದರೂ ನಿಮ್ಮ ಅಮೆರಿಕದ ಕನ್ಸೋಲಿನಲ್ಲಿ ನಡೆಯುತ್ತದೆ.

ಭಾಷೆಯದೂ ಒಂದು ತೊಡಕಿದೆ. ಕನ್ನಡ ಇಲ್ಲ. ಪ್ರತಿ ಆಟದ ಮೊದಲು ಜನ ಆಡಿ ತೋರಿಸುವ ಚಿಕ್ಕ ವೀಡಿಯೊ ಬರುತ್ತದೆ, ಹಾಗಾಗಿ ನೋಡಿಯೇ ಕಲಿಯಬಹುದು. ಆದರೆ ಫೇಕ್ ಡ್ರಾ ಅನ್ನುವುದರಲ್ಲಿ "ಫೈರ್" ಥರವೇ ಕೇಳಿಸುವ ಬೇರೆ ಇಂಗ್ಲಿಷ್ ಪದಗಳನ್ನು ಕೂಗಿ ಮೋಸ ಮಾಡುತ್ತಾರೆ. ಇಂಗ್ಲಿಷ್ ಕಿವಿಗೆ ಅಭ್ಯಾಸ ಇಲ್ಲದ ಹಿರಿಯರಿಗೆ ಅದರಲ್ಲಿ ಅನ್ಯಾಯವಾಗುತ್ತದೆ. ಅದನ್ನು ಮಕ್ಕಳಿಗೆ ಬಿಡಿ.

ಪ್ರಶ್ನೆ: ನನ್ನ ಹತ್ತಿರ ಸ್ವಿಚ್ ಲೈಟ್ ಇದೆ. ವಾರಿಯೋವೇರ್: ಮೂವ್ ಇಟ್! ಕಡಿಮೆ ಬೆಲೆಗೆ ಸಿಗುತ್ತಿದೆ. ತಗೊಳ್ಳಲಾ?
– ಹುಬ್ಬಳ್ಳಿಯಿಂದ ಒಬ್ಬ ವಿದ್ಯಾರ್ಥಿ

ಉತ್ತರ: ಬೇಡ. ಇದು ಕಂಟ್ರೋಲರ್ ಬಿಚ್ಚಿ ಕೈಯಲ್ಲಿ ಹಿಡಿದು ಆಡುವ ಆಟ, ಸ್ವಿಚ್‌ನ ಚಿಕ್ಕ ರೂಪವಾದ ಲೈಟ್‌ನಲ್ಲಿ ಕಂಟ್ರೋಲರ್ ಬಿಚ್ಚಿ ಬರುವುದಿಲ್ಲ, ನಡುಕದ ಮೋಟಾರ್ ಇಲ್ಲ, ಇನ್‌ಫ್ರಾರೆಡ್ ಕ್ಯಾಮೆರಾ ಇಲ್ಲ. ಬೇರೆ ಜಾಯ್‌ಕಾನ್ ಜೋಡಿ ಕೊಂಡು, ಲೈಟನ್ನು ಏನಕ್ಕಾದರೂ ಒರಗಿಸಿ, ಆ ಪುಟ್ಟ ಪರದೆಯನ್ನು ದೂರದಿಂದ ನೋಡುತ್ತಾ ಆಡಬಹುದು ನಿಜ, ಟಿವಿಗೆ ಹಾಕಲೂ ಬರುವುದಿಲ್ಲವಲ್ಲ. ಅಷ್ಟು ಖರ್ಚು ಮಾಡುವ ಬದಲು ಆ ದುಡ್ಡಿನಲ್ಲಿ ಕೈಯಲ್ಲಿ ಹಿಡಿದು ಆಡುವ ಎರಡು ಒಳ್ಳೆಯ ಆಟ ಬರುತ್ತವೆ.

ಆಟ ಮಾತ್ರ ಚೆನ್ನಾಗಿದೆ, ಅದನ್ನೂ ಹೇಳಬೇಕು. 2023ರ ನವೆಂಬರ್ 3ರಂದು ಬಂತು, ಇದಕ್ಕೂ 49.99 ಡಾಲರ್. ಒಳಗೆ 200ಕ್ಕೂ ಹೆಚ್ಚು ಮೈಕ್ರೋಗೇಮ್‌ಗಳು, ಒಂದೊಂದೂ ಕೆಲವೇ ಸೆಕೆಂಡು. ಮೊದಲು ಒಂದು ಭಂಗಿ ಹೇಳುತ್ತದೆ, ಹಾಗೆ ನಿಲ್ಲಬೇಕು, ತಕ್ಷಣ ಆಟ ಬರುತ್ತದೆ, ಏನು ಮಾಡಬೇಕು ಅಂತ ಹೊಳೆಯುವಷ್ಟರಲ್ಲಿ ಮುಂದಿನದು. 1-2-ಸ್ವಿಚ್‌ನಲ್ಲಿ ಇಲ್ಲದ ಒಂದು ಗುಣ ಇದರಲ್ಲಿದೆ, ಒಬ್ಬರೇ ಇದ್ದಾಗಲೂ ಕಥೆಯ ಹಾಗೆ ಆಡಿಕೊಂಡು ಹೋಗಬಹುದು, ಹೋದಂತೆ ವೇಗವೂ ಏರುತ್ತದೆ. ದೊಡ್ಡ ಸ್ವಿಚ್ ಇರುವ ಗೆಳೆಯರಿದ್ದರೆ ಅವರಿಗೆ ಹೇಳಿ, ನೀವು ಹೋಗಿ ಆಡಿ. ಪಾರ್ಟಿ ಮೋಡ್‌ನಲ್ಲಿ ನಾಲ್ಕು ಜನ ತಲಾ ಒಂದೊಂದು ಜಾಯ್‌ಕಾನ್ ಹಿಡಿದು ಆಡಬಹುದು.

ಪ್ರಶ್ನೆ: ಬೆಂಗಳೂರಿನ ಬಾಡಿಗೆ ಮನೆ, ಹಾಲ್ ಚಿಕ್ಕದು, ಫ್ಯಾನ್ ಕೆಳಗಿದೆ. ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್ ತಗೊಳ್ಳೋಣ ಅಂತ ಯಜಮಾನರು, ಬೇಡ ಅಂತ ನಾನು. ಯಾರ ಮಾತು ಸರಿ?
– ಬೆಂಗಳೂರಿನ ಒಬ್ಬ ಗೃಹಿಣಿ

ಉತ್ತರ: ಆಟದ ವಿಷಯದಲ್ಲಿ ಅವರು, ಜಾಗದ ವಿಷಯದಲ್ಲಿ ನೀವು.

ಸ್ವಿಚ್ ಸ್ಪೋರ್ಟ್ಸ್ 2022ರ ಏಪ್ರಿಲ್ 29ರಂದು ಬಂತು. ಡೌನ್‌ಲೋಡ್‌ಗೆ 39.99 ಡಾಲರ್, ಕಾಲಿಗೆ ಕಟ್ಟುವ ಪಟ್ಟಿ ಸಮೇತ ಡಬ್ಬಕ್ಕೆ 49.99. ಆಗ ಆರು ಆಟ ಇದ್ದವು, ಬ್ಯಾಡ್ಮಿಂಟನ್, ಟೆನಿಸ್, ಬೌಲಿಂಗ್, ವಾಲಿಬಾಲ್, ಫುಟ್‌ಬಾಲ್ ಮತ್ತು ಕತ್ತಿವರಸೆ. ಆಮೇಲೆ ಗಾಲ್ಫ್, 2024ರಲ್ಲಿ ಬ್ಯಾಸ್ಕೆಟ್‌ಬಾಲ್, ಎರಡೂ ಉಚಿತವಾಗಿ ಸೇರಿದವು. ಸಂಖ್ಯೆ ನೋಡಿದರೆ 28ರ ಮುಂದೆ ಎಂಟು ಏನೂ ಅಲ್ಲ. ಆದರೆ ಈ ಎಂಟರಲ್ಲಿ ಆಡಿದಷ್ಟೂ ಕೈ ಪಳಗುತ್ತದೆ. ಬ್ಯಾಡ್ಮಿಂಟನ್‌ನಲ್ಲಿ ಯಾವಾಗ ಸ್ಮ್ಯಾಶ್, ಯಾವಾಗ ಮೆಲ್ಲಗೆ ನೆಟ್ ದಾಟಿಸುವುದು ಅಂತ ಕಲಿಯುತ್ತೀರಿ, ಬೌಲಿಂಗ್‌ನಲ್ಲಿ ಮಣಿಕಟ್ಟು ತಿರುಗಿಸಿ ಚೆಂಡನ್ನು ಬಾಗಿಸುವುದು ಬರುತ್ತದೆ. ಇಬ್ಬರೇ ಇರುವ ಮನೆಗೆ 1-2-ಸ್ವಿಚ್‌ಗಿಂತ ಇದೇ ಉತ್ತಮ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಗಂಡ ಹೆಂಡತಿ ಇಬ್ಬರಿಗೆ ತಲಾ ಒಂದು ಜಾಯ್‌ಕಾನ್ ಹಿಡಿದು ಬ್ಯಾಡ್ಮಿಂಟನ್ ಆಡಲು ಇರುವ ಒಂದು ಜೋಡಿ ಸಾಕು. ಫುಟ್‌ಬಾಲ್‌ಗೆ ಮಾತ್ರ ಒಬ್ಬೊಬ್ಬರಿಗೂ ಎರಡೆರಡು ಬೇಕಾಗುತ್ತವೆ.

ಜಾಗಕ್ಕೆ ಬರೋಣ. ಟೀಪಾಯಿ ಪಕ್ಕಕ್ಕೆ ಸರಿಸಿ. ಇಬ್ಬರೂ ಕೈ ಚಾಚಿದರೆ ಒಬ್ಬರಿಗೊಬ್ಬರು ತಾಗಬಾರದು, ಅಷ್ಟು ದೂರ ಇರಲಿ. ಸ್ಮ್ಯಾಶ್ ಹೊಡೆಯುವಾಗ ಕೈ ಮೇಲೆ ಹೋಗುತ್ತದೆ, ಎತ್ತರದವರಿದ್ದರೆ ಫ್ಯಾನ್ ಕೆಳಗೆ ನಿಲ್ಲಲೇಬೇಡಿ, ಆಡುವಷ್ಟು ಹೊತ್ತು ಫ್ಯಾನ್ ಆಫ್ ಮಾಡಿದರೂ ಸರಿ. ದೊಡ್ಡದಾಗಿ ಬೀಸುವ ಅಗತ್ಯವೂ ಇಲ್ಲ, ಮಣಿಕಟ್ಟಿನ ಚುರುಕು ತಿರುವನ್ನೂ ಅದು ಗುರುತಿಸುತ್ತದೆ. ಜಾಯ್‌ಕಾನ್‌ನ ಪಟ್ಟಿಯನ್ನು ಮಾತ್ರ ಮಣಿಕಟ್ಟಿಗೆ ಹಾಕಿಕೊಂಡೇ ಆಡಿ, ಪ್ರತಿ ಸಲ, ಮಕ್ಕಳೂ ದೊಡ್ಡವರೂ. ವೀ ಬಂದ ಹೊಸದರಲ್ಲಿ ಪಟ್ಟಿ ಹರಿದು ರಿಮೋಟ್ ಟಿವಿಗೆ ಹಾರಿದ ಪ್ರಕರಣ ಎಷ್ಟಾದವು ಅಂದರೆ, 2006ರ ಡಿಸೆಂಬರ್‌ನಲ್ಲೇ ನಿಂಟೆಂಡೊ ಸುಮಾರು 32 ಲಕ್ಷ ಪಟ್ಟಿಗಳನ್ನು ಗಟ್ಟಿಯಾದವುಗಳಿಗೆ ಬದಲಾಯಿಸಿಕೊಡಲು ಮುಂದಾಯಿತು. ಬಾಡಿಗೆ ಮನೆಯಲ್ಲಿ ಕೆಳಗಿನ ಮನೆಯವರೂ ಇರುತ್ತಾರೆ. ಬೌಲಿಂಗ್, ಗಾಲ್ಫ್ ಇವಕ್ಕೆ ಕುಣಿಯಬೇಕಿಲ್ಲ, ರಾತ್ರಿ ಹೊತ್ತು ಅವನ್ನೇ ಆಡಿ.

ಪ್ರಶ್ನೆ: ನಾವು ವಿದೇಶದಲ್ಲಿರುವ ಕನ್ನಡಿಗರು. ರಾಜ್ಯೋತ್ಸವಕ್ಕೆ ಅರವತ್ತು ಎಪ್ಪತ್ತು ಜನ ಸೇರುತ್ತೇವೆ. ಎವೆರಿಬಡಿ 1-2-ಸ್ವಿಚ್! ಅನ್ನುವುದರಲ್ಲಿ ನೂರು ಜನ ಒಟ್ಟಿಗೆ ಆಡಬಹುದು ಅಂತ ಕೇಳಿದೆವು. ನಿಜವಾ?
– ನ್ಯೂಜೆರ್ಸಿಯಿಂದ ಒಬ್ಬ ಓದುಗರು

ಉತ್ತರ: ನಿಜ. ಮತ್ತು ನಿಮ್ಮಂಥವರಿಗೆ ಬಿಟ್ಟರೆ ಬೇರೆ ಯಾರಿಗೂ ಇದನ್ನು ತಗೊಳ್ಳಿ ಅಂತ ನಾನು ಹೇಳುವುದಿಲ್ಲ.

ಇದು 2023ರ ಜೂನ್ 30ರಂದು 29.99 ಡಾಲರ್‌ಗೆ ಬಂತು. ಜಾಯ್‌ಕಾನ್ ಹಿಡಿದರೆ ಎಂಟು ಜನ, ಮೊಬೈಲ್ ಹಿಡಿದರೆ ನೂರು ಜನದವರೆಗೆ. ಪರದೆ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಫೋನೇ ಕಂಟ್ರೋಲರ್. ಕುದುರೆ ಮುಖವಾಡದ ನಿರೂಪಕನೊಬ್ಬ ಎಲ್ಲ ನಡೆಸಿಕೊಡುತ್ತಾನೆ. ಆಟಗಳ ಸಂಖ್ಯೆ ಹಿಂದಿನದಕ್ಕಿಂತ ಕಡಿಮೆ, ಆಟ ಬಂದ ದಿನದಿಂದಲೇ ವಿಮರ್ಶಕರು ಬೈದರು, ನಾಲ್ಕು ಜನರ ಮನೆಯಲ್ಲಿ ಹಾಕಿ ನೋಡಿದರೆ ಆ ಬೈಗುಳಕ್ಕೆ ಕಾರಣವೂ ಗೊತ್ತಾಗುತ್ತದೆ. ಪ್ರತಿ ಆಟದ ನಡುವೆ ನಿರೂಪಣೆ ಎಳೆಯುತ್ತದೆ, ಕೆಲವು ಆಟ ಬರೀ ಖಾಲಿ ಖಾಲಿ.

ಸಭಾಂಗಣದಲ್ಲಿ ಲೆಕ್ಕ ಬೇರೆ. ಎಪ್ಪತ್ತು ಜನರನ್ನು ಎರಡು ತಂಡ ಮಾಡಿ, ದೊಡ್ಡ ಪರದೆ ಹಾಕಿ, ಆಗ ಆ ನಿರೂಪಣೆಯೇ ಜನರನ್ನು ಹಿಡಿದು ಕೂರಿಸುತ್ತದೆ. ಒಂದು ಬಣ್ಣ ತೋರಿಸಿ, ಅದಕ್ಕೆ ಹತ್ತಿರದ ಬಣ್ಣವನ್ನು ಸುತ್ತ ಹುಡುಕಿ ಫೋನಿನ ಕ್ಯಾಮೆರಾದಲ್ಲಿ ಹಿಡಿಯಿರಿ ಅನ್ನುವ ಕಲರ್ ಶೂಟ್ ಇದೆ. ರಾಜ್ಯೋತ್ಸವದ ಸಭೆಯಲ್ಲಿ ಸೀರೆ, ಶಾಲು, ಬಾವುಟ, ಹೂವು, ಬಣ್ಣಕ್ಕೇನು ಬರ! ಐಸ್‌ಕ್ರೀಮ್ ಆರ್ಡರನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಆಟವೂ ದೊಡ್ಡ ಗುಂಪಿಗೆ ಚೆನ್ನಾಗಿ ಒಗ್ಗುತ್ತದೆ. ಎಪ್ಪತ್ತು ಜನಕ್ಕೆ ಮೂವತ್ತು ಡಾಲರ್ ಅಂದರೆ ತಲೆಗೆ ಅರ್ಧ ಡಾಲರ್ ಕೂಡ ಆಗಲಿಲ್ಲ.

ಒಂದೇ ಒಂದು ಎಚ್ಚರಿಕೆ. ಫೋನ್‌ಗಳಿಗೆ ಇಂಟರ್ನೆಟ್ ಬೇಕೇ ಬೇಕು. ಬಾಡಿಗೆ ಹಾಲ್‌ಗಳ ವೈಫೈ ನಂಬಬೇಡಿ. ಹಿಂದಿನ ದಿನವೇ ಹೋಗಿ ಹತ್ತಿಪ್ಪತ್ತು ಫೋನ್‌ಗಳನ್ನು ಜೋಡಿಸಿ ನೋಡಿ, ಕಾರ್ಯಕ್ರಮದ ಪಟ್ಟಿಯಲ್ಲಿ ಇದಕ್ಕೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಇಡಬೇಡಿ. ಊಟಕ್ಕೆ ಮೊದಲು ಇಡಿ.

ಪ್ರಶ್ನೆ: ಸ್ವಿಚ್ 2 ಕೊಂಡಿದ್ದೇವೆ. ಹಳೆಯ 1-2-ಸ್ವಿಚ್ ಅದರಲ್ಲಿ ನಡೆಯುತ್ತದಾ?
– ಮಂಗಳೂರಿನಿಂದ ಒಬ್ಬ ಓದುಗರು

ಉತ್ತರ: ನಡೆಯುತ್ತದೆ, ಒಂದು ಕೊರತೆಯೊಂದಿಗೆ. ಹೊಸ ಜಾಯ್‌ಕಾನ್ 2ರಲ್ಲಿ ಆ ಇನ್‌ಫ್ರಾರೆಡ್ ಕ್ಯಾಮೆರಾ ತೆಗೆದಿದ್ದಾರೆ. 1-2-ಸ್ವಿಚ್‌ನಲ್ಲಿ ಬಾಯಿ ಹತ್ತಿರ ಜಾಯ್‌ಕಾನ್ ಹಿಡಿದು ಗಬಗಬ ತಿಂದ ಹಾಗೆ ಮಾಡುವ ಈಟಿಂಗ್ ಕಾಂಟೆಸ್ಟ್ ಆ ಕ್ಯಾಮೆರಾ ಇಲ್ಲದೆ ಆಗುವುದಿಲ್ಲ, ವಾರಿಯೋವೇರ್‌ನಲ್ಲೂ ಕೆಲವಕ್ಕೆ ಅದು ಬೇಕು. ಹಳೆಯ ಜಾಯ್‌ಕಾನ್‌ಗಳನ್ನು ಸ್ವಿಚ್ 2ಕ್ಕೆ ಅಂಟಿಸಲು ಬರುವುದಿಲ್ಲ, ಆದರೆ ವೈರ್ ಇಲ್ಲದೆ ಜೋಡಿಸಿ ಆಡಬಹುದು. ಚಾರ್ಜ್ ಮಾಡಲು ಮಾತ್ರ ಹಳೆಯ ಕನ್ಸೋಲ್ ಅಥವಾ ಚಾರ್ಜಿಂಗ್ ಗ್ರಿಪ್ ಬೇಕಾಗುತ್ತದೆ. ಹಾಗಾಗಿ ಹಳೆಯ ಸ್ವಿಚ್ ಮಾರುವಾಗ ಜಾಯ್‌ಕಾನ್ ಜೋಡಿಯನ್ನು ಉಳಿಸಿಕೊಳ್ಳುವ ಯೋಚನೆ ಮಾಡಿ.

ಹೊಸದಾಗಿ ಪಾರ್ಟಿ ಗೇಮ್ ತಗೊಳ್ಳುವುದೇ ಆದರೆ ಸೂಪರ್ ಮಾರಿಯೋ ಪಾರ್ಟಿ ಜಂಬೋರಿ ನೋಡಿ. 2024ರ ಅಕ್ಟೋಬರ್‌ನಲ್ಲಿ 59.99 ಡಾಲರ್‌ಗೆ ಬಂದದ್ದು, 110ಕ್ಕೂ ಹೆಚ್ಚು ಮಿನಿಗೇಮ್, ಏಳು ಬೋರ್ಡ್. ಕೈ ಬೀಸುವ ಮಿನಿಗೇಮ್‌ಗಳು ಬೇಡ ಅಂದರೆ ಸೆಟ್ಟಿಂಗ್‌ನಲ್ಲಿ ಅವನ್ನು ತೆಗೆದುಹಾಕಬಹುದು. ಮನೆಯಲ್ಲಿ ಒಬ್ಬರಿಗೆ ಭುಜ ನೋವು ಇದ್ದರೆ ಇದೊಂದೇ ಕಾರಣಕ್ಕೆ ಆ ಬೆಲೆ ಕೊಡಬಹುದು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸ್ವಿಚ್ ಮತ್ತು 1-2-ಸ್ವಿಚ್ ಒಟ್ಟಿಗೆ ಕೊಡುತ್ತಿದ್ದಾರೆ. ಜಾಯ್‌ಕಾನ್‌ನಲ್ಲಿ ಡ್ರಿಫ್ಟ್ ಇದೆ ಅಂತ ಅವರೇ ಹೇಳಿ ಬೆಲೆ ಇಳಿಸಿದ್ದಾರೆ. ಬಿಟ್ಟುಬಿಡಲಾ?
– ಶಿವಮೊಗ್ಗದಿಂದ ಒಬ್ಬ ಓದುಗರು

ಉತ್ತರ: ಈಗಲೇ ಬಿಡಬೇಡಿ, ಮೊದಲು ಪರೀಕ್ಷೆ ಮಾಡಿ. ಡ್ರಿಫ್ಟ್ ಅಂದರೆ ಹೆಬ್ಬೆರಳಿನ ಕಡ್ಡಿ ಮುಟ್ಟದಿದ್ದರೂ ತಾನಾಗಿ ಒಂದು ಕಡೆ ಸರಿಯುವುದು. ಓಡುವ, ಹಾರುವ ಆಟಗಳಿಗೆ ಅದು ದೊಡ್ಡ ತೊಂದರೆ. ಆದರೆ ಕೈ ಬೀಸುವ ಆಟಗಳಲ್ಲಿ ಕಡ್ಡಿಯ ಕೆಲಸ ತೀರಾ ಕಡಿಮೆ. ಅಲ್ಲಿ ಬೇಕಾದದ್ದು ಒಳಗಿನ ಚಲನೆಯ ಸೆನ್ಸರ್, ನಡುಕದ ಮೋಟಾರ್, ಪಕ್ಕದ ಎಸ್‌ಎಲ್, ಎಸ್‌ಆರ್ ಎಂಬ ಚಿಕ್ಕ ಬಟನ್‌ಗಳು. ಇವು ಸರಿಯಿದ್ದರೆ ಇಳಿಸಿದ ಬೆಲೆ ನಿಮಗೆ ಲಾಭ.

ಅಂಗಡಿಯಲ್ಲೇ ನಿಂತು ಸೆಟ್ಟಿಂಗ್ಸ್‌ಗೆ ಹೋಗಿ ಕಂಟ್ರೋಲರ್‌ಗಳ ವಿಭಾಗ ತೆಗೆಯಿರಿ, ಮೋಷನ್ ಕಂಟ್ರೋಲ್ ಕ್ಯಾಲಿಬ್ರೇಟ್ ಮಾಡುವ, ಅಂದರೆ ಚಲನೆಯ ಸೆನ್ಸರ್ ಸರಿಹೊಂದಿಸುವ ಜಾಗ ಇದೆ, ಮೇಜಿನ ಮೇಲಿಟ್ಟು ಮಾಡಿ. ಆಮೇಲೆ ಆ ಕಾರ್ಟ್ರಿಡ್ಜ್ ಹಾಕಿಸಿ ಬಾಲ್ ಕೌಂಟ್ ಆಡಿ. ಎರಡೂ ಜಾಯ್‌ಕಾನ್‌ನಲ್ಲಿ ಗೋಲಿ ಉರುಳಿದ್ದು ಕೈಗೆ ಸ್ಪಷ್ಟವಾಗಿ ತಾಗಬೇಕು, ಒಂದರಲ್ಲಿ ಮಂಕಾಗಿದ್ದರೆ ಮೋಟಾರ್ ಹೋಗಿದೆ. ಬಲಗಡೆಯದನ್ನು ಹಿಡಿದು ತಿನ್ನುವ ಆಟ ಆಡಿ, ಕ್ಯಾಮೆರಾ ಗೊತ್ತಾಗುತ್ತದೆ. ಕ್ವಿಕ್ ಡ್ರಾದಲ್ಲಿ ಕೈ ಜಾಗ ಬದಲಾಯಿಸಿ ಎರಡು ಸಲ ಆಡಿ.

ನಿಂಟೆಂಡೊ ನಮ್ಮ ದೇಶದಲ್ಲಿ ಸ್ವಿಚ್ ಅನ್ನು ಅಧಿಕೃತವಾಗಿ ಮಾರುವುದಿಲ್ಲ. ಇಲ್ಲಿ ಸಿಗುವುದೆಲ್ಲ ಹೊರಗಿನಿಂದ ತಂದದ್ದು. ಕಂಪನಿಯ ವಾರಂಟಿ ಇಲ್ಲಿ ಇಲ್ಲ, ಇದ್ದರೆ ಅಂಗಡಿಯವರ ಮಾತು ಮಾತ್ರ, ಅದನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಚಾರ್ಜರ್ ಒರಿಜಿನಲ್ಲಾ ಅಂತ ನೋಡಿ. ನಿಂಟೆಂಡೊದ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ, ಅಮೆರಿಕದ್ದಾದರೆ ಪಿನ್ ಬದಲಾಯಿಸುವ ಕನ್ವರ್ಟರ್ ಒಂದು ಸಾಕು. ಡಾಕ್‌ಗೆ, ಅಂದರೆ ಟಿವಿಗೆ ಜೋಡಿಸುವ ಸ್ಟ್ಯಾಂಡಿಗೆ, ಹಾಕಿ ಟಿವಿಯಲ್ಲಿ ಚಿತ್ರ ಬರುತ್ತದಾ ಅಂತ ನೋಡದೆ ದುಡ್ಡು ಕೊಡಬೇಡಿ, ಮತ್ತು ಆ ಡ್ರಿಫ್ಟ್ ಇರುವ ಜಾಯ್‌ಕಾನ್‌ಗೆ ಇನ್ನೂ ಐನೂರು ಇಳಿಸಲು ಕೇಳಿ. ಕಡ್ಡಿ ಬದಲಾಯಿಸುವ ರಿಪೇರಿಯವರು ಸಿಗುತ್ತಾರೆ, ಆ ಖರ್ಚು ಮಾರುವವರ ಲೆಕ್ಕಕ್ಕೇ ಹೋಗಲಿ.